ಕೆಂಪರಾಜು ಮೇಷ್ಟ್ರ ವಿಷಲ್ಲು

ಹನುಮಂತನಗರದ ಕೆಂಪರಾಜು ಮೇಷ್ಟ್ರಿಗೆ ದೇವರು ಬಾಯಿ ಕೊಟ್ಟಿದ್ದೇ ವಿಷಲ್ಲು ಕಚ್ಚಿಕೊಳ್ಳಲು. ಬನಶಂಕರಿಯ ಒಂದು ಖಾಸಗಿ ಶಾಲೆಯಲ್ಲಿ ಅವರು ಡ್ರಿಲ್ ಮೇಷ್ಟ್ರು. ಕೆಂಪು ದಾರದ ಹಿತ್ತಾಳೆ ವಿಷಲ್ಲು ಎದೆಯ ಮೇಲೆ ನೇತಾಡದೆ ಅವರನ್ನು ಕಂಡವರಿಲ್ಲ. ಕತ್ತರಿಗುಪ್ಪೆ ಸಿಗ್ನಲ್ಲಿನಲ್ಲಿ ಆಟೊ ಅಡ್ಡ ಬಂದರೆ ಊದುವರು, ಮೊಮ್ಮಗಳು ತಟ್ಟೆಯಲ್ಲಿ ಅನ್ನ ಬಿಟ್ಟರೆ ಊದುವರು.

"ವಿಷಲ್ ಹೊಡೆಯೋಕೆ ಮನೇಲಿ ಕುಕ್ಕರ್ ಒಂದು ಸಾಲ್ದಾ?" ಎಂದು ಹೆಂಡತಿ ಕೇಳುತ್ತಲೇ ಬಂದಿದ್ದಾರೆ. ಕುಕ್ಕರಾದರೂ ಬೇಳೆ ಬೆಂದ ಮೇಲೆ ಸುಮ್ಮನಾಗುತ್ತದೆ.

ವಿಷಲ್ಲು ಬಾಯಿಂದ ತೆಗೆದಾಗ ಹೊರಬರುತ್ತಿದ್ದ ಮಾತು ಒಂದೇ: ಕೋಆಪರೇಷನ್. ಅದರ ಅರ್ಥವನ್ನು ಅವರು ಬಹಳ ಸಲೀಸು ಮಾಡಿಕೊಂಡಿದ್ದರು. ತಾವು ಊದಬೇಕು, ಮಿಕ್ಕವರು ಹಾರಬೇಕು.

ಇಂಥ ಮಹಾನುಭಾವರಿಗೆ ಈ ವರ್ಷ ನಿವೃತ್ತಿ. ಕೊನೆಯ ಸ್ಕೂಲ್ ಡೇಯಲ್ಲಿ ಮಕ್ಕಳ ಪಿರಮಿಡ್ ನಿಲ್ಲಿಸಿ, ಶಾಲು ಹೊದಿಸಿಕೊಂಡು, ಮೈಕಿನಲ್ಲಿ ನಾಲ್ಕು ಮಾತಾಡಿಯೇ ಹೋಗಬೇಕೆಂದು ಅವರು ಹಟ ತೊಟ್ಟರು. ಕೆಳಗೆ ಮೂವರು ಕೈ ಮತ್ತು ಮಂಡಿಯೂರಿ ಕುದುರೆಯ ಹಾಗೆ ಬಗ್ಗಬೇಕು, ಅವರ ಬೆನ್ನ ಮೇಲೆ ಇಬ್ಬರು, ತುತ್ತತುದಿಯಲ್ಲಿ ಬಾವುಟ ಹಿಡಿದು ಆರನೇ ಕ್ಲಾಸಿನ ಸುರಭಿ. ಹಿಡಿಯಷ್ಟು ದೇಹ, ಮೊಳದಷ್ಟು ನಾಲಿಗೆ, ಆ ಸುರಭಿಗೆ. ಕೆಳಗಿನ ಸಾಲಿನ ನಡುವೆ ಒಂಬತ್ತನೇ ಕ್ಲಾಸಿನ ಸುಶ್ರುತ. ಎರಡೂ ಕಡೆಯ ಭಾರ ಬೀಳುವ ಜಾಗ ಅದು, ಅಷ್ಟು ಗಟ್ಟಿಮುಟ್ಟಾದ ಹುಡುಗ ಇನ್ನೊಬ್ಬನಿರಲಿಲ್ಲ.

ಸುಶ್ರುತನಿಗೆ ಆಟಿಸಂನ ಲಕ್ಷಣಗಳಿವೆಯೆಂದು ಅವನ ತಾಯಿ ಶಾಲೆಗೆ ಸೇರಿಸುವಾಗಲೇ ಹೇಳಿದ್ದರು. ಶಾಲೆಯವರು ತಲೆ ಆಡಿಸಿದ್ದರು. ತಲೆ ಆಡಿಸುವುದಕ್ಕೆ ಖರ್ಚೇನು?

ಮೊದಲ ಅಭ್ಯಾಸದಲ್ಲಿ ಮೇಷ್ಟ್ರು ಊದಿದರು. ಸುಶ್ರುತನ ಬೆನ್ನಿಗೆ ಹಿಂದಿನಿಂದ ಯಾರದೋ ಮಂಡಿ ತಗುಲಿತು. ಅವನು ಬೆಚ್ಚಿ ಜಾರಿಕೊಂಡ. ಪಿರಮಿಡ್ ಅನ್ನುವುದು ಮಕ್ಕಳ ರಾಶಿಯಾಯಿತು, ಹತ್ತುತ್ತಿದ್ದ ಸುರಭಿಯ ಗಲ್ಲ ತರಚಿತು. ಸುಶ್ರುತ ಹೊಂಗೆ ಮರದಡಿ ಹೋಗಿ ಕಿವಿ ಮುಚ್ಚಿ ಕೂತ.

"ಪೊಗರು! ಕೋಆಪರೇಷನ್ನೇ ಇಲ್ಲ ಇವನಿಗೆ!" ಮೇಷ್ಟ್ರು ಅವನ ಕಿವಿಯ ಹತ್ತಿರವೇ ಮತ್ತೊಮ್ಮೆ ಊದಿದರು. ಮದ್ದು ಅಂದರೆ ಅದೊಂದೇ ಗೊತ್ತಲ್ಲ!

ಮರುದಿನ ತಾಯಿ ಬಂದರು. "ಅವನಿಗೆ ಪೊಗರಲ್ಲ ಸಾರ್, ಭಯ. ಮುಟ್ಟೋಕೆ ಮುಂಚೆ ಒಂದು ಮಾತು ಹೇಳಿ ಸಾಕು."

"ಯುದ್ಧದಲ್ಲಿ ಶತ್ರು ಹೇಳಿ ಹೊಡೀತಾನಾ ಮೇಡಂ?"

"ಇದು ಯುದ್ಧ ಅಲ್ಲ ಸಾರ್. ಸ್ಕೂಲ್ ಡೇ."

ಮೇಷ್ಟ್ರು ಬೇರೆ ಹುಡುಗರನ್ನು ನಡುವೆ ಬಗ್ಗಿಸಿ ನೋಡಿದರು. ಒಬ್ಬ ನಕ್ಕು ಕುಸಿದ, ಇನ್ನೊಬ್ಬ ಅತ್ತು ಕುಸಿದ. ಶಾಲಿನ ಆಸೆ ಕೈಬಿಡುವ ಹಾಗಾಯಿತು. ಪ್ರತಿ ಸಲವೂ ತುದಿಯಿಂದ ಬೀಳುವವಳು ತಾನೇ ಆದ್ದರಿಂದ ಸುರಭಿ, ಸುಶ್ರುತ ಕೂತಿದ್ದ ಹೊಂಗೆ ಮರದಡಿಗೆ ಹೋದಳು.

"ಅವತ್ತು ಯಾಕೋ ಜಾರ್ದೆ?"

"ಯಾರು ಹತ್ತಿದ್ದು ಅಂತ ಗೊತ್ತಾಗ್ಲಿಲ್ಲ."

"ಹೇಳಿ ಹತ್ತಿದ್ರೆ?"

"ಹೇಳಿದ್ರೆ ಗೊತ್ತಾಗುತ್ತೆ." ಕಿವಿಯ ಮೇಲೆ ಕೈಯಿಟ್ಟು ಸೇರಿಸಿದ: "ವಿಷಲ್ ಬೇಡ."

ಸುರಭಿ ನೇರ ಮೇಷ್ಟ್ರ ಮುಂದೆ ನಿಂತಳು. "ಸಾರ್, ನೀವು ಊದಿದ್ರೆ ನಾನು ಹತ್ತಲ್ಲ."

ಅಷ್ಟು ಹಗುರದ ಹುಡುಗಿ ಬೇರೆ ಇರಲಿಲ್ಲ. ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಮೇಷ್ಟ್ರು ವಿಷಲ್ಲನ್ನು ಜೇಬಿಗಿಳಿಸಿದರು.

ಆಮೇಲೆ ಸುರಭಿಯದೇ ಕಾರುಬಾರು. "ಸುಶ್ರುತ, ಈಗ ಮನೋಜನ ಮಂಡಿ, ಎಡಗಡೆ. ಈಗ ನಾನು, ಬಲಗಾಲು." ಒಮ್ಮೆ ಎರಡನೇ ಸಾಲಿನ ಈ ಮನೋಜ ತಮಾಷೆಗೆ ಹೇಳದೆ ಹತ್ತಿದಾಗ, ಅವನನ್ನು ಇಳಿಸಿ, ಸುಶ್ರುತನ ಮುಂದೆ ಕೂರಿಸಿ, "ಸಾರಿ ಅನ್ನು ಮಗಾ" ಎಂದಳು. ಮಾತು ತಪ್ಪುವುದಿಲ್ಲವೆಂದು ಖಾತ್ರಿಯಾದಂತೆ ಸುಶ್ರುತನೇ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸತೊಡಗಿದ. "ಮನೋಜ್, ಇನ್ನೂ ನಡುವಿಗೆ ಬಾ. ನಂಗೆ ಭಾರ ಆಗಲ್ಲ" ಎಂದು ತಾನಾಗಿ ಹೇಳಿದ.

ಸ್ಕೂಲ್ ಡೇ ಬಂತು. ವೇದಿಕೆಯ ಮೇಲೆ ಪಿರಮಿಡ್ ಎದ್ದಿತು, ತುದಿಯಲ್ಲಿ ಬಾವುಟ ಬಿಚ್ಚಿತು, ಜನ ಚಪ್ಪಾಳೆ ತಟ್ಟಿದರು. ಆದರೆ ಎಲ್ಲರ ಕಣ್ಣೂ ಮಕ್ಕಳ ಮೇಲೆ! ಮೂಲೆಯಲ್ಲಿ ಗರಿಗರಿ ಬಿಳಿ ಪ್ಯಾಂಟಿನಲ್ಲಿ ನಿಂತ ಮೇಷ್ಟ್ರನ್ನು ನೋಡುವವರೇ ಇಲ್ಲ. ಇದನ್ನು ಸಹಿಸಲು ಅವರೇನು ಕಲ್ಲೇ? ಕೈ ಜೇಬಿಗೆ ಹೋಯಿತು. ಕೆನ್ನೆ ಒಡೆಯುವಂತೆ ಊದಿಬಿಟ್ಟರು.

ಸುಶ್ರುತನ ಮೊಣಕೈ ಬಾಗಿತು. ಪಿರಮಿಡ್ ವಾಲಿತು. ತಾಯಿ ಕುರ್ಚಿಯಿಂದ ಎದ್ದರು.

"ಸುಶ್ರುತ," ತುದಿಯಿಂದ ಸುರಭಿಯ ದನಿ, "ನಾನಿನ್ನೂ ಮೇಲಿದ್ದೀನಿ. ಹೇಳದೆ ಇಳಿಯಲ್ಲ."

ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ಮೊಣಕೈ ನೆಟ್ಟಗಾಯಿತು. ಅವಳು ಹೇಳಿ ಇಳಿದಳು, ಮಿಕ್ಕವರನ್ನೂ ಹೇಳಿ ಇಳಿಸಿದಳು. ಕೊನೆಯ ಕಾಲು ನೆಲ ಮುಟ್ಟಿದ ಮೇಲಷ್ಟೇ ಸುಶ್ರುತ ಎದ್ದು ಕಿವಿ ಮುಚ್ಚಿಕೊಂಡ.

ಮೇಷ್ಟ್ರಿಗೆ ಶಾಲು ಸಿಕ್ಕಿತು, ಮೈಕೂ ಸಿಕ್ಕಿತು. "ಎಲ್ಲಾ ಈ ವಿಷಲ್ಲಿನ ಮಹಿಮೆ! ಶಿಸ್ತು ಇದ್ರೆ ಕೋಆಪರೇಷನ್ ತಾನಾಗೇ ಬರುತ್ತೆ" ಎಂದರು, ನಾಚಿಕೆಯ ಸುಳಿವೂ ಇಲ್ಲದೆ. ಫೋಟೋದವನು ಕರೆಯುತ್ತಲೇ ಸುಶ್ರುತನ ಕೈಗೆ ಕೈಹಾಕಲು ಹೋದರು. ಹುಡುಗ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಮೊದಲು ಹೇಳ್ಬೇಕು ಸಾರ್," ಎಂದಳು ಸುರಭಿ.

ಮೈಕು ಎದುರಿಗೇ ಇತ್ತು, ಸಭೆಯೆಲ್ಲ ಕೇಳುತ್ತಿತ್ತು. ಮೇಷ್ಟ್ರು ಹಲ್ಲುನೋವು ಬಂದವರಂತೆ ತುಟಿ ತೆರೆದರು. "ಸುಶ್ರುತ... ಕೈ ಕುಲುಕ್ತೀನಿ ಕಣಪ್ಪ."

ಸುಶ್ರುತ ಆ ಕೈಯನ್ನು ನೋಡಿದ, ಇನ್ನೊಂದು ಕೈಯಲ್ಲಿದ್ದ ವಿಷಲ್ಲನ್ನು ನೋಡಿದ, ನಿಧಾನವಾಗಿ ಯೋಚಿಸಿದ.

"ಬೇಡ ಸಾರ್," ಎಂದ. ಆಮೇಲೆ ಚಾಪೆ ಸುತ್ತಲು ಸುರಭಿಯ ಜೊತೆ ಹೋದ.