ಬಾಲ್ ಎತ್ತಿ ಕೊಡುವವನ ಪಾಲು

ನನ್ನ ಗಂಡನಿಗೆ ಊಟಕ್ಕೆ ಬಡಿಸುವುದೇ ಒಂದು ಶಿಕ್ಷೆ. ಇನ್ನೊಂದು ರೊಟ್ಟಿ ಹಾಕಲೇ ಅಂದರೆ ಸಾಕು ಅನ್ನುತ್ತಾರೆ. ಮತ್ತೆ ಕೇಳಿದರೂ ಸಾಕು. ಕೊನೆಗೆ ನಾನು ಬೈದು ತಾಟಿಗೆ ಹಾಕಿದರೆ ಸುಮ್ಮನೆ ಉಣ್ಣುತ್ತಾರೆ. ಹಸಿವಿರುತ್ತದೆ, ಬೇಕು ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ನಮ್ಮ ಕಡೆ ಇದಕ್ಕೆ ಮರ್ಯಾದೆ ಅನ್ನುತ್ತಾರೆ. ಆ ಮರ್ಯಾದೆಗೆ ಬೆಂಕಿ ಹಚ್ಚಬೇಕು ಅಂತ ನನಗೆ ಅನ್ನಿಸಿದ್ದು, ಗಜೇಂದ್ರಗಡದ ನಮ್ಮ ಗಾದಿ ಅಂಗಡಿಯಲ್ಲಿ ವಾಲಿಬಾಲ್ ಟೀಮಿನವರು ಕೂತು ಸೀಸನ್ನಿನ ಲೆಕ್ಕ ಹಾಕಿದ ಆ ವರ್ಷ.

ನಾವು ಹತ್ತಿ ಹಿಂಜುವ ಮಂದಿ. ಮನೆಯ ಮುಂದಿನ ಪಡಸಾಲೆಯೇ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಜನರ ಕೈಗೆ ಮೊಬೈಲ್ ಫೋನು ಹೊಸದಾಗಿ ಬರುತ್ತಿದ್ದ ಕಾಲ ಅದು. ಪೇಟೆಗೆ ಫೋಮಿನ ಗಾದಿ ಬಂದು ನಮ್ಮ ಹತ್ತಿಯ ಗಾದಿ ಕೇಳುವವರು ಕಡಿಮೆಯಾಗಿದ್ದರು. ದಿನವಿಡೀ ಮೂಗಿನೊಳಗೆ ಹತ್ತಿ ಹೋಗಿ ಕೆಮ್ಮುತ್ತಿದ್ದ ಈ ಮನುಷ್ಯ, ಸಂಜೆ ಮೈದಾನಕ್ಕಿಳಿದರೆ ಆ ಕೆಮ್ಮು ಎಲ್ಲಿ ಹೋಗುತ್ತಿತ್ತೋ ನನಗಂತೂ ತಿಳಿಯುತ್ತಿರಲಿಲ್ಲ. ಅವರು ಲಿಫ್ಟರ್. ನೆಟ್ಟಿನ ಪಕ್ಕದಲ್ಲಿ ನಿಂತು, ಬಂದ ಬಾಲನ್ನು ಬೆರಳ ತುದಿಯಿಂದ ಹದವಾಗಿ ಮೇಲಕ್ಕೆತ್ತಿ ಕೊಡುವವರು. ಅದನ್ನು ಹಾರಿ ಹೊಡೆಯುವವನು ಬೇರೆ, ಚಪ್ಪಾಳೆಯೂ ಅವನಿಗೇ. ಇವರಿಗೆ ಅದರ ಹೊಟ್ಟೆಕಿಚ್ಚು ಇರಲಿಲ್ಲ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, "ಇದೊಂದು ವರ್ಷ ಆಡಿಬಿಡ್ತೀನಿ ನೋಡು. ಆಮ್ಯಾಲ ಬ್ಯಾಡ ಅಂದ್ರ ಬ್ಯಾಡ" ಅನ್ನುತ್ತಿದ್ದರು. ಆ ಒಂದು ವರ್ಷಕ್ಕಾಗಿ ಅವರು ಎಷ್ಟು ಕಾದಿದ್ದರು ಅನ್ನುವುದು ನನ್ನೊಬ್ಬಳಿಗೆ ಗೊತ್ತು.

ಸುಗ್ಗಿ ಮುಗಿದ ಮೇಲೆ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಪಂದ್ಯಗಳು ನಡೆಯುತ್ತಿದ್ದವು. ಹಿಂದೊಮ್ಮೆ ಒಬ್ಬ ಸಾಹುಕಾರ ದುಡ್ಡು ಚೆಲ್ಲಿ ಒಳ್ಳೆಯ ಆಟಗಾರರನ್ನೆಲ್ಲ ತನ್ನ ಟೀಮಿಗೇ ಎಳೆದುಕೊಂಡಿದ್ದನಂತೆ. ಆ ವರ್ಷ ಪಂದ್ಯ ನೋಡಲು ನಾಯಿಯೂ ಬರಲಿಲ್ಲ. ಅದಕ್ಕೇ ಹಿರಿಯರೆಲ್ಲ ಸೇರಿ ಒಂದು ಲಿಮಿಟ್ ಹಾಕಿದ್ದರು. ಒಂದು ಟೀಮು ತನ್ನ ಎಲ್ಲ ಆಟಗಾರರಿಗೂ ಸೇರಿ ಇಷ್ಟೇ ಖರ್ಚು ಮಾಡಬೇಕು, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಸೀಸನ್ನಿಗೆ ಮೊದಲು ಎರಡು ವಾರ ಆಟಗಾರರೆಲ್ಲ ಖುಲ್ಲಾ, ಯಾರು ಯಾವ ಊರಿನ ಟೀಮಿಗೆ ಬೇಕಾದರೂ ಹೋಗಬಹುದು. ಕರೆಯುವವರು ಎಲೆ-ಅಡಿಕೆಯಲ್ಲಿ ದುಡ್ಡಿಟ್ಟು ನಾಲ್ಕು ಜನರೆದುರು ಕೊಡಬೇಕು. ಎಲೆ ಹಿಡಿದರೆ ಮುಗಿಯಿತು, ಮಾತು ತಿರುಗಿಸುವ ಹಾಗಿಲ್ಲ. ಎಲೆ ಹಿಡಿಯದವನು ಪುಕ್ಕಟೆ ಆಡುತ್ತೇನೆಂದರೂ ಅಂಗಳಕ್ಕೆ ಇಳಿಯುವಂತಿಲ್ಲ. ಪುಕ್ಕಟೆ ಅಂತ ತೋರಿಸಿ ಹಿಂದಿನಿಂದ ದುಡ್ಡು ಕೊಡುವ ಕಳ್ಳಾಟ ನಡೆಯಬಾರದು ಅಂತ ಆ ಕಟ್ಟು.

ಯಾರಿಗೆಷ್ಟು ಅಂತ ಹಂಚುವ ಕೆಲಸ ಪ್ರತಿ ವರ್ಷವೂ ನನ್ನ ಗಂಡನದೇ. ಹೊಸ ಗಾದಿಯೊಂದನ್ನು ಹಾಸಿ, ಅದರ ಮೇಲೆ ಹುಣಸೆ ಬೀಜ ಸುರಿದು ಕೂರುತ್ತಿದ್ದರು. ಒಂದು ಬೀಜಕ್ಕೆ ನೂರು ರೂಪಾಯಿ. ಲಿಮಿಟ್ಟಿಗೆ ಸರಿಯಾಗಿ ಬೀಜ ಎಣಿಸಿಟ್ಟುಕೊಂಡು, ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಗುಂಪು ಮಾಡುವುದು. ಹಿಂದಿನ ಕ್ಯಾಪ್ಟನ್ ಇದ್ದಾಗ ಆತ ಮೊದಲು ಒಂದು ಹಿಡಿ ಬೀಜ ತೆಗೆದು ಇವರ ಮೊಣಕಾಲ ಹತ್ತಿರ ಇಟ್ಟು, "ಇದು ನಿಂದು, ಇದನ್ನ ಮುಟ್ಟಿದ್ರ ಕೈ ಮುರಿತೀನಿ" ಅಂತ ಗದರಿಸುತ್ತಿದ್ದ. ಆತ ಊರು ಬಿಟ್ಟು ಹೋಗಿದ್ದ. ಹೊಸ ಕ್ಯಾಪ್ಟನ್ ಬಟ್ಟೆ ಅಂಗಡಿಯ ಹುಡುಗ. ಒಳ್ಳೆಯವನೇ, ಆದರೆ ಈ ಮನುಷ್ಯನಿಗೆ ಬೈದು ಉಣ್ಣಿಸಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಅವತ್ತು ನಾನು ಪರದೆಯ ಹಿಂದೆ ಚಹಾ ಕುದಿಸುತ್ತಿದ್ದೆ. ಇವರು ತಮ್ಮ ಪಾಲನ್ನು ತಾವೇ ಮೊಣಕಾಲ ಹತ್ತಿರ ಸರಿಸಿಟ್ಟುಕೊಂಡಿದ್ದು ಕಾಣಿಸಿತು. ಇದು ನನ್ನದು ಅಂತ ಮಾತ್ರ ಬಾಯಿಬಿಟ್ಟು ಅನ್ನಲಿಲ್ಲ.

"ಕಾಕಾ, ರಾಜೂರ ಹುಡುಗನ್ನ ಬಿಟ್ರ ನಾವು ಮುಗದಂಗ" ಅಂದ ಕ್ಯಾಪ್ಟನ್. "ನರಗುಂದದವ್ರು ಆಗಲೇ ಅವನ ಮನಿಗೆ ಬಂದ್ ಹೋಗ್ಯಾರಂತ. ಇನ್ನಷ್ಟು ಹಾಕ್ರಿ ಅಂವಗ."

ರಾಜೂರಿನ ಹುಡುಗ ತೆಂಗಿನಮರದಷ್ಟು ಎತ್ತರ, ಅವನು ಹೊಡೆದ ಬಾಲನ್ನು ಎತ್ತುವವರೇ ಇರಲಿಲ್ಲ. ಅದೇನೋ ಖರೇ. ಇವರು ಗಾದಿಯ ಮೇಲೆಲ್ಲ ಕಣ್ಣಾಡಿಸಿದರು. ಬೇರೆ ಯಾರ ಗುಂಪಿನಿಂದಲೂ ತೆಗೆಯಲು ಮನಸ್ಸಾಗಲಿಲ್ಲ. ಮೊಣಕಾಲ ಹತ್ತಿರದ ಬೀಜಗಳಿಗೆ ಕೈ ಹಾಕಿ, ತುಸು ಹೊತ್ತು ಹಾಗೇ ತಡೆದರು. ಯಾರಾದರೂ "ಏ ಕಾಕಾ, ನಿಮ್ದು ಮುಟ್ಟಬ್ಯಾಡ್ರಿ" ಅನ್ನಲಿ ಅಂತ. ಯಾರೂ ಅನ್ನಲಿಲ್ಲ. ಅವರೆಲ್ಲ ಅದನ್ನು ಉಳಿಕೆಯ ಬೀಜ ಅಂತ ತಿಳಿದಿದ್ದರು.

"ಆತಪಾ, ಹಾಕೂನು" ಅಂದು ಇವರು ಎತ್ತಿ ಹಾಕಿದರು.

ನನ್ನ ಮೈ ಉರಿಯಿತು. "ಏನ್ರೀ, ಚೂರು ಇಲ್ಲಿ ಬರ್ರಿ" ಅಂತ ಒಳಗೆ ಕರೆದೆ. "ನಿಮ್ಮ ಪಾಲ ಹಂಚಾಕ ಹತ್ತೀರಲ್ಲ, ತಲಿ ಗಿಲಿ ಕೆಟ್ಟೈತೇನು?"

"ಸಾವಕಾಶ ಮಾತಾಡು. ನಿಮಗೆಷ್ಟು ಅಂತ ಅವ್ರ ತಾವಾಗೇ ಕೇಳ್ತಾರ."

"ಯಾವಾಗ? ಎಲ್ಲಾ ಖಾಲಿ ಆದ್ಮ್ಯಾಲ?"

"ನನಗೂ ಇಡ್ರಿ ಅಂತ ನಾನ ಹ್ಯಾಂಗ ಅನ್ಲಿ? ಲೆಕ್ಕ ಹಾಕಾಂವ ನಾನು."

"ಬಾಯಿಲೆ ಅನ್ನೂದು! ದೇವ್ರು ಬಾಯಿ ಕೊಟ್ಟಿಲ್ಲೇನು?"

ಅವರು ಚಹಾದ ತಟ್ಟೆ ಎತ್ತಿಕೊಂಡು ಹೊರಗೆ ಹೋದರು. ಆಮೇಲೆ ಇನ್ನೊಬ್ಬನಿಗೆ ಸ್ವಲ್ಪ, ಮತ್ತೊಬ್ಬನಿಗೆ ಸ್ವಲ್ಪ. ಪ್ರತಿ ಸಲವೂ ಕೈ ತಡೆಯುವುದು, ಕಾಯುವುದು, ಎತ್ತಿ ಹಾಕುವುದು. ಕೊನೆಯದಾಗಿ ಉಳಿದದ್ದು ಅಸೂಟಿಯ ಹೊಸ ಲಿಫ್ಟರನಿಗೆ ಹೋಯಿತು. ಅವನಿಗೆ ಆಟ ಕಲಿಸಿದವರು ಇವರೇ, ಅವನಿಗೆ ಇಲ್ಲ ಅನ್ನುವುದು ಹೇಗೆ? ಮೊಣಕಾಲ ಹತ್ತಿರ ಬರೀ ಗಾದಿ ಉಳಿಯಿತು. ಕ್ಯಾಪ್ಟನ್ ಎದ್ದು ನಿಂತು, "ಕಾಕಾ, ನಿಮ್ಮ ಮನಸ ಭಾಳ ದೊಡ್ಡದು ಬಿಡ್ರಿ" ಅಂದ. ಇವರು ನಕ್ಕರು. ಕ್ಯಾಪ್ಟನ್ನನಿಗೆ ತಿಳಿದಿದೆ, ನನ್ನ ಪಾಲನ್ನು ಹೇಗಾದರೂ ಹೊಂದಿಸುತ್ತಾನೆ ಅಂತ ಇವರ ನಂಬಿಕೆ.

ಖುಲ್ಲಾ ದಿನಗಳು ಮುಗಿಯುವ ಹೊತ್ತಿಗೆ ನರಗುಂದದವರೊಬ್ಬರು ನಮ್ಮ ಮನೆಗೇ ಬಂದರು. ಟವೆಲ್ಲಿನಲ್ಲಿ ಸುತ್ತಿದ ಎಲೆ-ಅಡಿಕೆ ಬಿಚ್ಚಿ, "ನಿಮ್ಮ ಊರವ್ರು ನಿಮಗ ಎಲಿ ಕೊಟ್ಟಿಲ್ಲಂತ ಕೇಳ್ದೆ. ನಮ್ಮಲ್ಲಿ ಲಿಫ್ಟರ್ ಜಾಗಾ ಖಾಲಿ ಐತಿ, ಬರ್ರಿ" ಅಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಒಳಗಿಂದ ಸಕ್ಕರೆ ಡಬ್ಬಿಯನ್ನೇ ತಂದೆ. ಇವರು ಕೈ ಮುಗಿದುಬಿಟ್ಟರು.

"ನಮ್ಮ ಹುಡುಗ್ರು ಬರ್ತಾರ್ರಿ. ಮನ್ಯಾನವ ಅಂತ ಕಡೀಕ ಇಟ್ಟಾರ. ನಾ ಹೋದ್ರ ಅವ್ರಿಗೆ ಭಾಳ ಕೆಟ್ಟ ಅನಸ್ತೈತಿ."

ಆ ಮನುಷ್ಯ ಹೋದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. "ಕೈಗೆ ಬಂದಿದ್ದನ್ನ ಒದ್ದುಬಿಟ್ರಿ. ಕುಂದರ್ರಿ ಈಗ ಬಾಗಲಾ ಕಾಯ್ಕೊಂತ!" ಕೊನೆಯ ದಿನದ ಸಂಜೆ ಅವರು ನಿಜವಾಗಿಯೂ ಬಾಗಿಲು ಕಾಯುತ್ತಲೇ ಕೂತರು. ಒಗೆದ ಅಂಗಿ ಹಾಕಿಕೊಂಡಿದ್ದರು. ದಾರಿಯಲ್ಲಿ ಮೋಟಾರುಬೈಕಿನ ಸಪ್ಪಳವಾದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದರು. ನಾನೇ ಕ್ಯಾಪ್ಟನ್ ಮನೆಗೆ ಹೋಗಿ ಕೇಳಿ ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿದೆ. "ಹೋದ್ರ ನನ್ನಾಣಿ. ಕೇಳಿ ತಗೊಂಡ ಎಲಿ ಎಲಿ ಏನ?" ಅಂದರು. ಬೀದಿಯ ಲೈಟು ಹೊತ್ತಿತು. ಯಾರೂ ಬರಲಿಲ್ಲ.

ಪಂದ್ಯ ಶುರುವಾಗುವುದು ರೋಣದಲ್ಲಿ. ಅವತ್ತು ಮಧ್ಯಾಹ್ನ ಕ್ಯಾಪ್ಟನ್ ಟಂಟಂ ಗಾಡಿ ಮಾಡಿಕೊಂಡು ನಮ್ಮ ಬಾಗಿಲಿಗೇ ಬಂದ. "ಕಾಕಾ, ಏಳ್ರಿ ಲಗೂ. ಕಾಕಿ, ಇವತ್ತ ನೀವೂ ಬರಬೇಕು, ನೀವಿಲ್ದ ನಡಿಯೂದಿಲ್ಲ" ಅಂದ. ನನ್ನ ಗಂಡನ ಮುಖ ಅರಳಿದ್ದನ್ನು ಏನಂತ ಹೇಳಲಿ! "ನಾ ಅನ್ಲಿಲ್ಲೇನು? ಹಿರಿಯಾರ ಕಡೆ ಮಾತಾಡಿ ಏನೋ ದಾರಿ ಮಾಡ್ಯಾರ" ಅಂತ ನನ್ನ ಕಿವಿಯಲ್ಲಿ ಹೇಳಿ, ಬೂಟು, ಮೊಣಕಾಲಿನ ಪಟ್ಟಿ ಎರಡನ್ನೂ ಚೀಲಕ್ಕೆ ಹಾಕಿಕೊಂಡರು. ನಾನೂ ನಂಬಿದೆ. ದಾರಿಯುದ್ದಕ್ಕೂ ಅವರು ಆ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ರೋಣದ ಮೈದಾನದಲ್ಲಿ ಮೈಕು, ಕುರ್ಚಿ, ಜನ. ಇವರು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಮೈಕಿನಲ್ಲಿ ಕ್ಯಾಪ್ಟನ್ ದನಿ ಕೇಳಿತು. "ಹೊಸಾ ಹುಡುಗ್ರು ಮುಂದ ಬರ್ಲಿ ಅಂತ ತಮ್ಮ ಪಾಲನ್ನ ತಾವಾಗೇ ಬಿಟ್ಟುಕೊಟ್ಟು, ಇವತ್ತ ಆಟದಿಂದ ನಿವೃತ್ತಿ ಆಗಾಕ ಹತ್ತಿರೋ ನಮ್ಮ ಕಾಕಾ ಅವರಿಗೆ ಸನ್ಮಾನ!"

ಜನ ಚಪ್ಪಾಳೆ ಹೊಡೆದರು. ಅಷ್ಟು ವರ್ಷ ಆಡಿದರೂ ಅವರೊಬ್ಬರಿಗೇ ಅಂತ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಒಂದು ಬೂಟಿನ ಲೇಸು ಬಿಚ್ಚಿಕೊಂಡಿದ್ದಂತೆಯೇ ಅವರನ್ನು ಎಬ್ಬಿಸಿಕೊಂಡು ಹೋಗಿ ನಿಲ್ಲಿಸಿದರು. ಶಾಲು ಹೊದಿಸಿದರು, ಹಾರ ಹಾಕಿದರು. ಆಮೇಲೆ ಕ್ಯಾಪ್ಟನ್ ಕಣ್ಣಲ್ಲಿ ನೀರು ತುಂಬಿಕೊಂಡು ಒಂದು ತಾಟು ಚಾಚಿದ. ಹಣ್ಣು, ಕಾಯಿ, ಜೊತೆಗೆ ಎಲೆ-ಅಡಿಕೆ. ಯಾ ಅಲ್ಲಾ, ಬ್ಯಾಡ ಅನ್ನಲಿ, ಈಗಲಾದರೂ ಒಂದು ಮಾತು ಆಡಲಿ ಅಂತ ನಾನು ಹೆಂಗಸರ ಸಾಲಿನಲ್ಲಿ ಸೆರಗು ಹಿಂಡುತ್ತಿದ್ದೆ. ಅವರು ಎರಡೂ ಕೈಯಿಂದ ತಾಟು ತೆಗೆದುಕೊಂಡು ತಲೆಬಾಗಿದರು.

ಊರಿಗೆ ವಾಪಸ್ಸಾದ ಮೇಲೆ ಶಾಲನ್ನು ಮಡಚಿ ಟ್ರಂಕಿಗೆ ಹಾಕಿದೆ. ಬೂಟನ್ನು ಅವರೇ ಒರೆಸಿ ಅಟ್ಟದ ಮೇಲೆ ಇಟ್ಟರು. ಕ್ಯಾಪ್ಟನ್ನನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ಅವನ ಕಣ್ಣೀರು ಖರೇ ಇತ್ತು. ಅದರಿಂದಲೇ ನನಗೆ ಇನ್ನೂ ಸಂಕಟವಾಯಿತು. ಅವನನ್ನಾದರೂ ಬೈದು ಹಗುರಾಗೋಣವೆಂದರೆ ಆ ದಾರಿಯೂ ಇರಲಿಲ್ಲ.

ಮುಂದಿನ ವರ್ಷ ಆಟಗಾರರು ಮತ್ತೆ ಖುಲ್ಲಾ ಆದರು. ನಾನು ಯಾರ ಆಣೆಗೂ ಕಿವಿಗೊಡದೆ, ನರಗುಂದದ ಆ ಮನುಷ್ಯನಿಗೆ ಬೂತಿನಿಂದ ಫೋನು ಮಾಡಿಸಿದೆ. ಪಾಪ, ಅವರು ಎಲೆ-ಅಡಿಕೆ ಹಿಡಿದುಕೊಂಡು ಮತ್ತೆ ಬಂದರು. ಇವರು ಹತ್ತಿ ಹಿಂಜುವ ಮಷೀನು ನಿಲ್ಲಿಸಿ, ಮೈಮೇಲಿನ ಹತ್ತಿ ಕೊಡವಿಕೊಂಡು ಅವರೆದುರು ಕೂತರು. ನಾನು ಪರದೆ ಸರಿಸಿ ಹೊಸ್ತಿಲಲ್ಲೇ ನಿಂತೆ. ಈ ಸಲ ಬೈದಾದರೂ ಹಿಡಿಸಬೇಕು ಅಂತಲೇ ನಿಂತಿದ್ದೆ.

"ನಿಮಗ ತ್ರಾಸ ಕೊಟ್ಟಂಗಾತು" ಅಂದರು ಇವರು, ಆ ಎಲೆಗಳನ್ನೇ ನೋಡುತ್ತ. "ನಾ ಇನ್ನ ಆಡಾಕ ಬರೂದಿಲ್ರಿ. ರೋಣದಾಗ ಅಷ್ಟು ಮಂದಿ ಮುಂದ ಎಲಿ ಹಿಡದೀನಿ."