ಮೂರನೆಯ ಬಾವಿಯ ತಿರುವು

ಮಳೆಗಾಲಕ್ಕೆ ಮುಂಚೆ ಸಯನ್‌ನಲ್ಲಿ ರಸ್ತೆಯ ಗುಂಡಿ ಮುಚ್ಚುವವರು ಡಾಂಬರು ಕಾಯಿಸುತ್ತಾರೆ. ದಾರಿಹೋಕರು ಮೂಗಿಗೆ ಕರವಸ್ತ್ರ ಹಿಡಿದು ಬೇಗ ಬೇಗ ದಾಟಿಹೋಗುತ್ತಾರೆ. ನನಗೆ ಮಾತ್ರ ಕಾಲು ಏಳುವುದಿಲ್ಲ. ಆ ಕಪ್ಪು, ಕಮಟು ವಾಸನೆ ನನಗೆ ಅಪ್ಪನದು. ವರ್ಷಕ್ಕೆ ಎರಡೋ ಮೂರೋ ಸಲ ಅವರು ಮನೆಗೆ ಬಂದಾಗ ಕೋಟಿನಲ್ಲಿ, ಹಾಸಿಗೆ ಸುತ್ತಿ ತರುವ ಹೋಲ್ಡಾಲಿನಲ್ಲಿ, ಎಷ್ಟು ತಿಕ್ಕಿ ತೊಳೆದರೂ ಬಿಡದ ಉಗುರಿನ ಸಂದಿಯಲ್ಲಿ ಅದೇ ವಾಸನೆ ಇರುತ್ತಿತ್ತು. ಹೋಲ್ಡಾಲ್ ಬಿಚ್ಚಿದರೆ ನೆಲದ ಮೇಲೆ ಸಣ್ಣಗೆ ಉಸುಕು ಉದುರುತ್ತಿತ್ತು. ಅವ್ವ ಅದನ್ನು ತಕ್ಷಣ ಗುಡಿಸುತ್ತಿರಲಿಲ್ಲ.

ಐವತ್ತರ ದಶಕದ ಮಾತು. ಸಯನ್ ಸ್ಟೇಷನ್ನಿನ ಹತ್ತಿರದ ಒಂದು ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ ನಮ್ಮ ಎರಡು ಕೋಣೆಯ ಮನೆ. ಧಾರವಾಡ ಕಡೆಯಿಂದ ಬಂದ ಅಪ್ಪ ಫೋರ್ಟ್ ಭಾಗದ ಒಬ್ಬ ರಸ್ತೆ ಕಂತ್ರಾಟುದಾರರಲ್ಲಿ ಓವರ್‌ಸಿಯರ್ ಆಗಿದ್ದರು. ಘಟ್ಟದ ರಸ್ತೆಗಳಲ್ಲಿ ಪಳಗಿದ ಅವರನ್ನು ರಾಜಸ್ಥಾನದ ಮರುಭೂಮಿಗೆ, ಜೋಧಪುರದಿಂದ ಪಶ್ಚಿಮಕ್ಕೆ ಹೋಗುವ ಒಂದು ರಸ್ತೆಗೆ ಡಾಂಬರು ಹಾಕಿಸಲು ಕಳಿಸಿದ್ದರು. ಕೆಳಗೆ ಹೋಟೆಲು ಇಟ್ಟಿದ್ದ ಉಡುಪಿಯ ಶೆಟ್ಟರು ಅಪ್ಪ ಕಂಡಾಗಲೆಲ್ಲ, "ನಿಮ್ಮ ರಸ್ತೆ ಎಲ್ಲಿವರೆಗೆ ಮುಟ್ಟಿತು ಮಾರಾಯ್ರೇ? ಪಾಕಿಸ್ತಾನಕ್ಕೆ ಹೋಗಿ ನಿಲ್ತದಾ ಹೇಗೆ?" ಎಂದು ಕೇಳುತ್ತಿದ್ದರು. "ನಿಮ್ಮ ಚಹಾದ ನೀರಿನಂಗ ಹರಕೋತ ಹೋಗೇದ," ಎಂದು ಅಪ್ಪ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಊಟವಾದ ಮೇಲೆ ಅಪ್ಪ ಆ ರಸ್ತೆಯನ್ನು ನನಗಾಗಿ ನೆಲದ ಮೇಲೆ ಹಾಸುತ್ತಿದ್ದರು. ಅವ್ವನ ಹಳೆಯ ಸೀರೆಯಿಂದ ಹರಿದ ಅಂಚು ಹೆದ್ದಾರಿ. ಹಿತ್ತಾಳೆ ತಂಬಿಗೆ ಜೋಧಪುರ. ಹುಣಸೆ ಬೀಜಗಳು ಬಾವಿ. ಅಂಚು ಒಮ್ಮೆಯೂ ನೆಟ್ಟಗೆ ಬೀಳುತ್ತಿರಲಿಲ್ಲ, ಬೀಜದಿಂದ ಬೀಜಕ್ಕೆ ಬಳುಕುತ್ತ ಹೋಗುತ್ತಿತ್ತು. ಯಾಕೆಂದರೆ ಅದು ಮೊದಲು ಒಂಟೆಗಳ ದಾರಿಯಂತೆ. ನೀರು ಎಲ್ಲಿದೆಯೋ ಅಲ್ಲಿಗೆ ವ್ಯಾಪಾರಿಗಳು ಒಂಟೆ ಹೊಡೆದುಕೊಂಡು ಹೋದರು. ಆಮೇಲೆ ರಾಜರ ಕಾಲದಲ್ಲಿ ಬೇಟೆಗೆ ಹೊರಟ ಮೋಟಾರುಗಳಿಗೆಂದು ಅದೇ ಜಾಡಿನ ಮೇಲೆ ಗರಸು ಮಣ್ಣು ಬಿತ್ತು. ಸಂಸ್ಥಾನಗಳು ಹೋಗಿ ಸರಕಾರ ಬಂದು, ಗರಸಿನ ಮೇಲೆ ಜಲ್ಲಿಕಡಿ ಬಿತ್ತು. ಈಗ ಡಾಂಬರು. ಮೊದಲನೆಯದು ಸಿಹಿನೀರಿನ ಬಾವಿ, ಎರಡನೆಯದು ಸವುಳು ನೀರಿನದು, ಮೂರನೆಯದನ್ನು ಯಾವಳೋ ಒಬ್ಬ ಮುದುಕಿ ತೋಡಿಸಿದ್ದಳಂತೆ. ದಾದರ್, ಮಾಟುಂಗಾ, ಸಯನ್ ಎಂದು ಹೇಳುವಷ್ಟೇ ಸಲೀಸಾಗಿ ನಾನು ಆ ಬಾವಿಗಳನ್ನು ಹೇಳುತ್ತಿದ್ದೆ. ಮುದುಕಿಯ ಬಾವಿಯ ಹತ್ತಿರ ರಸ್ತೆ ಏರಿಯ ಮೇಲೆ ತಿರುಗುತ್ತಿತ್ತು. ಅಲ್ಲಿ ಅಪ್ಪ ಅಡಿಕೆ ಹೋಳುಗಳನ್ನು ಸಾಲಾಗಿ ನಿಲ್ಲಿಸಿ, "ಇಲ್ಲೆ ಸೊಂಟದ ಮಟಾ ಕಲ್ಲಿನ ಗ್ವಾಡಿ ಕಟ್ಟಿಸೇನಿ. ನಕಾಶೇದಾಗ ಇದ್ದಿದ್ದಿಲ್ಲ. ಇನ್ನ ಯಾವ ಗಾಡೀನೂ ಉರುಳೂದಿಲ್ಲ," ಎನ್ನುತ್ತಿದ್ದರು. ಘಟ್ಟದಲ್ಲಿ ಕೆಲಸ ಮಾಡಿದ ಕೈಗೆ ತಿರುವು ಕಂಡರೆ ಗೋಡೆ ಕಟ್ಟದೆ ಸಮಾಧಾನವಿರಲಿಲ್ಲ.

ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ರಸ್ತೆಯಲ್ಲ, ಅದನ್ನು ಹಾಸುವ ಮನುಷ್ಯ. ಒಂದು ವರ್ಷ, ಮೇ ರಜೆಗೆ ನಮ್ಮನ್ನೂ ಕರೆದುಕೊಂಡು ಹೋಗಿರೆಂದು ಹಟ ಹಿಡಿದಳು.

"ಅಲ್ಲೇನದ ನೋಡಲಿಕ್ಕೆ? ಬರೇ ಉಸುಕು," ಎಂದರು ಅಪ್ಪ.

"ಉಸುಕು ಚೌಪಾಟ್ಯಾಗೂ ಅದ. ಅಲ್ಲೆ ನೀವು ನೋಡಲಿಕ್ಕೆ ಸಿಗೂದಿಲ್ಲಲಾ."

ಅಪ್ಪ ಮೂವರಿಗೂ ಟಿಕೀಟು ತೆಗೆಸಿದರು. ನಾವು ಹೊರಟೆವು.

ಜೋಧಪುರದಿಂದ ಡಾಂಬರಿನ ಪೀಪಾಯಿ ತುಂಬಿದ ಲಾರಿಯಲ್ಲಿ ಹೋದೆವು. ಡ್ರೈವರನ ಪಕ್ಕದಲ್ಲಿ ಅಪ್ಪ, ಅವ್ವ, ಅವ್ವನ ತೊಡೆಯ ಮೇಲೆ ನಾನು. ಎರಡು ಬಾವಿಗಳನ್ನು ನಾನೇ ಗುರುತು ಹಿಡಿದು ಕೂಗಿ ಹೇಳಿದೆ. ಮಧ್ಯಾಹ್ನ ಪಶ್ಚಿಮದ ಆಕಾಶ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಮೂರನೆಯ ಬಾವಿಯ ತಿರುವಿಗೆ ಬರುವ ಹೊತ್ತಿಗೆ ಗಾಳಿ ಬಂದು ಬಡಿಯಿತು, ಲಾರಿಯ ಮೂತಿ ಕೂಡ ಕಾಣದಾಯಿತು. ಮರುಕ್ಷಣ ಗಾಲಿಗಳು ಮೆತ್ತಗಿನ ಏನಕ್ಕೋ ನುಗ್ಗಿ ನಿಂತವು. ರಸ್ತೆ ಇರಬೇಕಾದಲ್ಲಿ ಉಸುಕಿನ ದಿಬ್ಬ ಕೂತಿತ್ತು.

ಲಾರಿ ತೂಗಾಡುತ್ತಿತ್ತು. ಪೀಪಾಯಿಗಳ ಭಾರಕ್ಕೆ ಮಗುಚಿಬಿದ್ದೀತೆಂದು ಅಪ್ಪ ಹೆದರಿದರು. ನಮ್ಮನ್ನು ಇಳಿಸಿ, ತಾವು ಕಟ್ಟಿಸಿದ ಆ ಗೋಡೆಯ ಬುಡಕ್ಕೆ ಎಳೆದೊಯ್ದರು. "ಗ್ವಾಡಿ ಮರಿಗೆ ಕೂಡ್ರಿ. ಗಾಳಿ ಹತ್ತೂದಿಲ್ಲ. ನಾ ಬರೂತನಕಾ ಏಳಬ್ಯಾಡ್ರಿ." ಘಟ್ಟದಲ್ಲಿ ಮಳೆಗಾಳಿ ಬಂದಾಗ ಕೂಲಿಯವರೆಲ್ಲ ಹಾಗೆಯೇ ಕೂರುತ್ತಿದ್ದರಂತೆ. ಡ್ರೈವರನ ಜೊತೆ ಗಾಲಿ ಬಿಡಿಸಲು ಅವರು ಲಾರಿಯ ಮುಂದಕ್ಕೆ ಹೋದರು.

ಅಲ್ಲಿ ಗಾಳಿ ನಿಜವಾಗಿಯೂ ಕಡಿಮೆಯಿತ್ತು. ಆದರೆ ಗಿರಣಿಯ ಬಾಯಿಂದ ಹಿಟ್ಟು ಬೀಳುವಂತೆ ಗೋಡೆಯ ಮೇಲಿಂದ ಉಸುಕು ನಮ್ಮ ಮೇಲೆ ಸುರಿಯುತ್ತಿತ್ತು. ಬೆಚ್ಚಗಿತ್ತು, ಮೊದಮೊದಲು ಹಿತವಾಗಿಯೂ ಇತ್ತು. ಪಾದ ಮುಚ್ಚಿತು, ಮೊಣಕಾಲು ಮುಚ್ಚಿತು, ತೊಡೆ ಅಲುಗಿಸಲು ಬಾರದಾಯಿತು. ಮುಂದೆ ಕಾಲೇಜಿನಲ್ಲಿ ಭೂಗೋಳದ ಪುಸ್ತಕ ಓದುವಾಗ, ಗಾಳಿ ಹೊತ್ತು ತಂದ ಮರಳು ಗೋಡೆ ಅಡ್ಡ ಸಿಕ್ಕಲ್ಲೇ ಅದರ ಮರೆಯಲ್ಲಿ ಇಳಿದು ಗುಡ್ಡೆಯಾಗುತ್ತದೆ ಎಂಬ ಸಾಲು ಬಂತು. ಮುಂದಿನ ಸಾಲು ನನಗೆ ಓದಲಾಗಲಿಲ್ಲ. ನಾವು ಕೂತಿದ್ದ ಜಾಗ ಅದೇ. ರಸ್ತೆಯ ಮೇಲೆ ದಿಬ್ಬ ಬೆಳೆದದ್ದೂ ಆ ಗೋಡೆಯಿಂದಲೇ.

ಅವ್ವ ಪುಸ್ತಕ ಓದಿದವಳಲ್ಲ. ಅಲ್ಲಿಯವರೆಗೆ ಅಪ್ಪನ ಮಾತನ್ನು ಮೀರಿದವಳೂ ಅಲ್ಲ. "ಏಳು ಕೂಸ, ಇಲ್ಲೆ ಕೂತರ ಹುಗದ ಹೋಗತೀವಿ," ಎಂದು ನನ್ನ ಕಂಕುಳಿಗೆ ಕೈ ಹಾಕಿ ಎಳೆದಳು. ನನ್ನ ಒಂದು ಚಪ್ಪಲಿ ಉಸುಕಿನೊಳಗೇ ಉಳಿಯಿತು. ತಡವರಿಸುತ್ತ ಲಾರಿಯ ಹಿಂಭಾಗ ಹುಡುಕಿ, ಹಗ್ಗ ಹಿಡಿದು ಹತ್ತಿ, ಪೀಪಾಯಿಗಳ ಸಂದಿಯಲ್ಲಿ ನನ್ನನ್ನು ತಬ್ಬಿ ಕೂತಳು.

ಆಮೇಲೆ ಅಪ್ಪ ಗೋಡೆಯ ಹತ್ತಿರ ಬಂದರು. ಕಾಣಿಸಲಿಲ್ಲ, ಕೇಳಿಸಿತು. "ಇಂದೂ" ಎಂದು ನನ್ನ ಹೆಸರು. ಗಾಳಿ ಅವರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು, ನಾವು ಕೂಗಿದ್ದೆಲ್ಲ ಹಾರಿಹೋಯಿತು. ಬರಿಗೈಯಿಂದ ಉಸುಕು ಬಗೆಯುವ ಸದ್ದು. ಆಮೇಲೆ, ನಾನು ಎಂದೂ ಕೇಳದ ದನಿಯಲ್ಲಿ, "ಚಂಪಾ, ಚಂಪಾ."

"ಅವ್ವಾ, ಚಂಪಾ ಅಂದ್ರ ಯಾರು?"

"ನಾನೇ," ಎಂದಳು.

ಮನೆಯಲ್ಲಿ ಎಲ್ಲರಿಗೂ ಅವಳು ಸುಶೀಲಾ. ನಮ್ಮ ಕಡೆ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತವರಿನ ಹೆಸರು ತವರಿನಲ್ಲೇ ಉಳಿಯುತ್ತದೆ. ಗಂಡ ಆ ಹೆಸರನ್ನಾಗಲಿ ಈ ಹೆಸರನ್ನಾಗಲಿ ಹಿಡಿದು ಕರೆಯುವುದಿಲ್ಲ, "ಏ, ಕೇಳಸ್ತೇನು?" ಎನ್ನುತ್ತಾನೆ. ಅಪ್ಪ ಆ ಹೆಸರನ್ನು ಎಲ್ಲಿ ಇಟ್ಟುಕೊಂಡಿದ್ದರೋ.

ಗಾಳಿ ಇಳಿದಾಗ ಅವರು ಸೊಂಟದವರೆಗಿನ ಗುಂಡಿಯಲ್ಲಿ ನಿಂತಿದ್ದರು. ಕೈಯಲ್ಲಿ ನನ್ನ ಚಪ್ಪಲಿ. ಬೆರಳುಗಳಿಂದ ರಕ್ತ ಬರುತ್ತಿತ್ತು. ನಮ್ಮನ್ನು ನೋಡಿ, "ಹೇಳಿ ಹೋಗಬಾರದೇನ?" ಎಂದು ಗದರಿಸಿದರು.

"ಹೇಳಬೇಕಂದ್ರ ನೀವ್ ಎಲ್ಲಿದ್ರಿ?" ಎಂದಳು ಅವ್ವ.

ಮರುದಿನ ಅಪ್ಪನೇ ಮುಂದೆ ನಿಂತು ಗೋಡೆ ಕೆಡವಿಸಿದರು. ಆ ತಿರುವನ್ನು ಆಮೇಲೆ ಗಾಳಿಯೇ ಗುಡಿಸಿ ಇಡುತ್ತಿತ್ತಂತೆ. ಆ ರಸ್ತೆಯ ಕೆಲಸ ಮುಗಿದ ಮೇಲೆ ಅಪ್ಪ ಫೋರ್ಟಿನ ಆಫೀಸಿಗೇ ವರ್ಗ ಕೇಳಿಕೊಂಡು ಬಂದರು. ಸಂಜೆಯ ಲೋಕಲ್ ಹಿಡಿದು ದಿನಾ ಮನೆಗೆ ಬರುವ ಅಪ್ಪ ಸಿಕ್ಕರು. ರಸ್ತೆ ಹಾಸುವ ಅಪ್ಪ ಸಿಗಲಿಲ್ಲ. ಅವ್ವ ಇನ್ನಷ್ಟು ಹೊತ್ತು ಅವರ ಮಾತು ಕೇಳಿಕೊಂಡು ಆ ಗೋಡೆಯ ಬುಡದಲ್ಲೇ ಕೂತಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ. ಫ್ಯಾನು ಜೋರಾಗಿ ತಿರುಗಿದರೆ ಎದ್ದು ಆರಿಸುತ್ತೇನೆ.

ಅಪ್ಪ ಮತ್ತೆ "ಏ, ಕೇಳಸ್ತೇನು?" ಎಂದೇ ಕರೆಯುತ್ತಿದ್ದರು. ಅವ್ವ ಮೊದಲನೆಯ ಕರೆಗೆ ಓಗೊಡುವುದನ್ನು ಬಿಟ್ಟಳು. ಒಲೆಯ ಮುಂದೆ ಕೈ ನಿಲ್ಲಿಸಿ, ಕತ್ತು ಓರೆ ಮಾಡಿ ಕಾಯುತ್ತಿದ್ದಳು. ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ "ಬಂದೆ" ಎನ್ನುತ್ತಿದ್ದಳು. ಕಿವಿ ಮಂದವಾಗಿದೆಯೆಂದು ಅಪ್ಪ ಬೇಸರಪಟ್ಟರು, ನಾನೂ ಹಾಗೆಯೇ ತಿಳಿದಿದ್ದೆ. ಅವಳ ಕಿವಿಗೆ ಏನೂ ಆಗಿರಲಿಲ್ಲ.

ಆ ಬಿಲ್ಡಿಂಗು ಈಗಿಲ್ಲ. ಅಪ್ಪ ಹೋದರು, ಬಹಳ ವರ್ಷದ ಮೇಲೆ ಅವ್ವನೂ ಹೋದಳು. ಕೊನೆಯ ದಿನಗಳಲ್ಲಿ ಅವಳ ತಲೆಯ ಹತ್ತಿರ ಕೂತಾಗ ಆ ಹೆಸರು ನನ್ನ ಬಾಯಿತನಕ ಬಂದಿತ್ತು. ತವರಿನವರು ಯಾರೂ ಉಳಿದಿರಲಿಲ್ಲ, ಅದು ಗೊತ್ತಿದ್ದವಳು ನಾನೊಬ್ಬಳೇ. ಆದರೆ ಮಗಳು ತಾಯಿಯನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ.