ದನಿ ಪಾಸಾಗದವರ ಶನಿವಾರ

“ನಂದು ದನಿ ಪಾಸಾಗಿಲ್ರಿ ಅಕ್ಕಾರ.”

ಸಂಗೀತ ಶಿಕ್ಷಕಿಯಾಗಿ ಈ ಕಡೆಗೆ ಬಂದ ಮೊದಲ ಬೆಳಿಗ್ಗೆ ನನ್ನನ್ನು ಬೆಚ್ಚಿಬೀಳಿಸಿದ ಮಾತು ಇದು. ಪ್ರಾರ್ಥನೆಗೆ ಇಡೀ ಹೈಸ್ಕೂಲು ಬಯಲಿನಲ್ಲಿ ನಿಂತಿತ್ತು. ಮುಂದೆ ಒಂಬತ್ತನೇ ತರಗತಿಯ ಐದು ಹುಡುಗಿಯರು ಹಾಡುತ್ತಿದ್ದರು. ಉಳಿದವರು ಕೈ ಮುಗಿದು, ತುಟಿ ಬಿಗಿದು, ಸೀಮೆಎಣ್ಣೆಯ ಸಾಲಿನಲ್ಲಿ ನಿಂತವರಂತೆ ಕಾಯುತ್ತಿದ್ದರು. ಅದೇ ತರಗತಿಯ ಸಾಲಿನಲ್ಲಿದ್ದ ಹುಲಿಗೆಮ್ಮ ಎಂಬ ಹುಡುಗಿಯನ್ನು “ನೀನ್ಯಾಕಮ್ಮ ಹಾಡ್ತಿಲ್ಲ?” ಎಂದು ಕೇಳಿದ್ದಕ್ಕೆ ಬಂದ ಉತ್ತರ ಅದು. ಎಂಟನೇ ತರಗತಿಗೆ ಸೇರಿದ ಹೊಸತರಲ್ಲಿ ಯಾರೋ ಎಲ್ಲರಿಂದಲೂ ಒಂದೊಂದು ಸಾಲು ಹಾಡಿಸಿ, ಐವರನ್ನು ಆರಿಸಿ, ಉಳಿದವರನ್ನು ಜೀವಮಾನಕ್ಕೆ ಫೇಲು ಮಾಡಿದ್ದರಂತೆ. ಗಣಿತದಲ್ಲಿ ಫೇಲಾದವರು ಮತ್ತೆ ಪರೀಕ್ಷೆ ಕಟ್ಟಬಹುದು. ದನಿಗೆ ಆ ಸೌಲಭ್ಯವೂ ಇಲ್ಲ.

‘ಅಕ್ಕಾರು’ ಎಂದರೆ ಇಲ್ಲಿ ಶಿಕ್ಷಕಿ. ಮೈಸೂರಿನಲ್ಲಿ ‘ಮಿಸ್’ ಆಗಿದ್ದ ನಾನು ಒಂದೇ ಬಸ್ ಪ್ರಯಾಣದಲ್ಲಿ ಅಕ್ಕಾರು ಆದೆ.

ನನ್ನದು ಮೊದಲೇ ಅಂಜುಬುರುಕ ಸ್ವಭಾವ. ವರ್ಗಾವಣೆಯ ಆದೇಶ ಬಂದ ದಿನದಿಂದ ನಾನು ಹಾವಿಗೆ, ಬಿಸಿಲಿಗೆ, ನೀರಿಗೆ ಸರದಿಯಂತೆ ಹೆದರಿದೆ. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಔಷಧಿ ಹೆಚ್ಚಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಶೇಂಗಾ ಮಿಲ್ಲಿನ ಪಕ್ಕ ಒಂದು ಕೋಣೆ ಸಿಕ್ಕಿತು. ಅಲ್ಲಿಂದ ಹಂಪಸಾಗರದ ದಾರಿಯಲ್ಲಿರುವ ನಮ್ಮ ಶಾಲೆಗೆ ದಿನವೂ ಬಸ್ಸು. ಮನೆಯ ಒಡತಿ ಬಸಮ್ಮನವರು ಮೊದಲ ದಿನವೇ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ತಂದಿಟ್ಟರು. ಚಟ್ನಿಯ ಕಪ್ಪು ಬಣ್ಣ ನೋಡಿ ಹಲ್ಲುಪುಡಿಯೇನೋ ಎಂದುಕೊಂಡೆ. ರೊಟ್ಟಿ ಮುರಿದ ಸದ್ದಿಗೆ ನಾನೇ ಬೆದರಿದೆ.

“ಹಲ್ಲು ಗಟ್ಟಿ ಅದಾವಿಲ್ರಿ? ಇಲ್ಲಾಂದ್ರ ಸಾರಿನಾಗ ನೆನಸ್ಕೊಂಡು ತಿನ್ರಿ, ಬಾಣಂತ್ಯಾರಂಗ,” ಎಂದರು ಬಸಮ್ಮ.

ಮೈಸೂರಿನಲ್ಲಿ ನೆರೆಯವರು ನಮ್ಮನ್ನು ಊಟದ ಬಗ್ಗೆ ಕೇಳಿದರೆ ಉಪಚಾರಕ್ಕೆ. ಇಲ್ಲಿ ಕೇಳಿದರೆ ಉತ್ತರ ಕೊಡಲೇಬೇಕು, ಏನು ಪಲ್ಯ ಎಂದೂ ಹೇಳಬೇಕು. ಭಾನುವಾರ ಎಸ್‌ಟಿಡಿ ಬೂತಿನಿಂದ ನಮ್ಮವರಿಗೆ ಫೋನು ಮಾಡಿದಾಗ “ಎಲ್ಲ ಸರಿಯಾಗಿದೆಯಾ?” ಎಂದರು. “ಏನೂ ಸರಿಯಿಲ್ಲ. ಆದರೆ ಏನೂ ಆಗಿಲ್ಲ,” ಎಂದೆ. ಗಾಜಿನ ಬಾಗಿಲ ಹೊರಗೆ ಸರದಿ ಕಾಯುತ್ತಿದ್ದವರ ಎದುರು ಒಂಟಿತನವನ್ನು ಅದಕ್ಕಿಂತ ಹೆಚ್ಚು ವಿವರಿಸಲು ಆಗಲಿಲ್ಲ.

ಒಂಬತ್ತನೇ ತರಗತಿಗೆ ಸಂಗೀತದ ಅವಧಿ ಶನಿವಾರ. ನಾನು ಶ್ರುತಿಪೆಟ್ಟಿಗೆ ಊದಿಸಿಕೊಂಡು ‘ಸ’ ಹಿಡಿಯುವುದು, ಮಕ್ಕಳು ತುಟಿಯೊಳಗೇ ಗುನುಗುವುದು, ನಾನು “ಬಾಯಿ ಬಿಡಿ” ಎನ್ನುವುದು, ಅವರು ನನ್ನ ಮೈಸೂರಿನ ‘ಕೂತ್ಕೊಳ್ಳಿ’ಗೆ ಕಿಸಕ್ಕನೆ ನಗುವುದು, ಹೀಗೆ ದಸರೆ ಕಳೆಯಿತು. ಮೈಸೂರಿನಲ್ಲಿ ನನ್ನ ಬಳಿ ಬರುತ್ತಿದ್ದವರು ಹಾಡಲೆಂದೇ ಬರುತ್ತಿದ್ದವರು. ಇಲ್ಲಿಯವರನ್ನು ವೇಳಾಪಟ್ಟಿ ಹಿಡಿದು ತಂದು ಕೂರಿಸಿತ್ತು. ಅಷ್ಟೇ ವ್ಯತ್ಯಾಸ ಎಂದು ನನ್ನನ್ನೇ ಸಮಾಧಾನಪಡಿಸಿಕೊಂಡೆ.

ಡಿಸೆಂಬರಿನಲ್ಲಿ ಹೆಡ್‌ಮಾಸ್ತರು ಕರೆಸಿದರು.

“ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಐದು ಮಂದಿ ಹಾಡಾಕ ಒಂದು ಪೀರಿಯಡ್ ಯಾಕ್ರಿ? ಉಳಿದವ್ರು ಗ್ವಾಡಿ ನೋಡ್ಕೊಂತ ಕುಂತಿರ್ತಾರ. ಗಣಿತದ ಮಾಸ್ತರು ಕೇಳಾಕತ್ಯಾರ, ಅವ್ರಿಗೆ ಕೊಟ್ಟುಬಿಡೋಣು.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. “ಜನವರಿ ಇಪ್ಪತ್ತಾರಕ್ಕೆ ಇಡೀ ತರಗತಿ ಹಾಡಿದರೆ?” ಎಂದು ನನ್ನ ಬಾಯಿಂದ ಬಂತು.

“ಇಡೀ ಕ್ಲಾಸ?” ಅವರು ಕನ್ನಡಕ ತೆಗೆದರು. “ಹಾಡಿದ್ರ ಶನಿವಾರ ನಿಮ್ದ. ಇಲ್ಲಾಂದ್ರ ಗಣಿತದ್ದು.”

ಮುಂದಿನ ವಾರವೇ ಶ್ರುತಿಪೆಟ್ಟಿಗೆಯ ತಿದಿಯನ್ನು ಮಿಲ್ಲಿನ ಇಲಿ ಕಡಿದು ಹಾಕಿತು. ಒತ್ತಿದರೆ ಸ್ವರದ ಬದಲು ಮುದುಕರ ಉಸಿರು. ಹಾವಿಗೂ ಬಿಸಿಲಿಗೂ ಮದ್ದು ತಂದಿದ್ದ ನಾನು ಇಲಿಗೆ ಹೆದರುವುದನ್ನು ಮರೆತಿದ್ದೆ.

ಬರಿಗೈಯಲ್ಲಿ ತರಗತಿಗೆ ಹೋದೆ. ಒಳಗೆ ಕೂತು ಮಾಡುವುದೇನೂ ಇಲ್ಲವಾದ್ದರಿಂದ ಎಲ್ಲರನ್ನೂ ಬೇವಿನ ಮರದ ಕೆಳಗೆ ಕರೆದೆ. ವಾರದಿಂದ ಬಾರದಿದ್ದ ಹುಲಿಗೆಮ್ಮ ಅಂದು ಬಂದಿದ್ದಳು. ಎಲ್ಲಿ ಹೋಗಿದ್ದೆ ಎಂದು ಕೇಳಿದೆ.

“ಹಕ್ಕಿ ಕಾಯಾಕ್ರಿ. ಜ್ವಾಳ ಹಾಲುಗಾಳು ಆಗೇತಲ್ರಿ, ಗಿಳಿ ಬಿಡಂಗಿಲ್ಲ.”

“ಹೇಗೆ ಓಡಿಸ್ತೀಯ?”

ಅವಳು ಸುತ್ತ ನೋಡಿದಳು. ಹಿಂದಿನಿಂದ ಯಾರೋ “ಕೂಗಲೇ ಹುಲಿಗಿ, ಅಕ್ಕಾರ ಹಾರಿಹೋಗ್ಲಿ,” ಎಂದರು. ಅವಳು ಮುಖ ಮೇಲೆತ್ತಿ ಕೂಗಿಯೇಬಿಟ್ಟಳು. “ಹೋ...” ಎಂದು ಎದೆಯಿಂದ ಎದ್ದ ದನಿ ಎಲ್ಲಿಯೂ ನಡುಗದೆ, ಒಂದೇ ಸ್ವರದಲ್ಲಿ, ಬಯಲು ದಾಟಿ ಹೋಯಿತು. ಅದು ನಿಲ್ಲುವ ಮೊದಲೇ ಉಳಿದವರು ಶುರು ಮಾಡಿದರು. ಎಲ್ಲರೂ ಹೊಲ ಕಾದವರೇ. ತುಟಿಯೊಳಗೆ ಗುನುಗುತ್ತಿದ್ದ ತರಗತಿ ಇದೇನಾ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಅದೇ ಸ್ವರ ಹಿಡಿಯೋಣವೆಂದು ನಾನೂ ದನಿ ಎತ್ತಿದೆ. ಅರ್ಧ ದಾರಿಯಲ್ಲಿ ಅದು ಒಡೆದು, ಕುತ್ತಿಗೆ ಹಿಡಿದ ಕೋಳಿಯಂತೆ ಕೀರಲಾಯಿತು. ಮಕ್ಕಳು ನೆಲದ ಮೇಲೆ ಉರುಳಾಡಿ ನಕ್ಕರು. ನಗು ತಗ್ಗುವವರೆಗೆ ಕಾಯುತ್ತ ನಿಂತಾಗ ಹೊಳೆಯಿತು. ನನ್ನ ದನಿ ವಯಸ್ಸಿನ ಜೊತೆ ಇಳಿಯುತ್ತ ಬಂದಿತ್ತು. ಶ್ರುತಿಯನ್ನೂ ನನ್ನ ಗಂಟಲಿಗೆ ತಕ್ಕಂತೆ ಇಳಿಸಿಟ್ಟಿದ್ದೆ. ಈ ಮಕ್ಕಳ ದನಿ ಶುರುವಾಗುವುದೇ ನನ್ನದು ಮುಗಿಯುವಲ್ಲಿ. ಇಷ್ಟು ದಿನ ಅವರನ್ನು ಬಾವಿಗಿಳಿಸಿ “ಗಟ್ಟಿಯಾಗಿ” ಎನ್ನುತ್ತಿದ್ದೆ.

“ಹುಲಿಗೆಮ್ಮ, ಇನ್ಮೇಲೆ ಶ್ರುತಿ ನೀನು ಕೊಡು.”

“ನಂದು ಫೇಲ್ ಐತಲ್ರಿ?”

“ಈಗ ನಂದೂ ಆಯ್ತಲ್ಲಮ್ಮ, ಎಲ್ಲರೂ ನೋಡಿದರು.”

ದನಿ ಒಡೆಯುವ ವಯಸ್ಸಿನ ಹುಡುಗರದು ಬೇರೆ ಪಾಡು. ಅವರಿಗೆ ಅಷ್ಟು ಮೇಲೆ ಹೋಗಲಾಗದು. ಅದೇ ಸ್ವರವನ್ನು ಕೆಳಗಿನ ಸ್ಥಾಯಿಯಲ್ಲಿ ಸುಮ್ಮನೆ ಹಿಡಿದುಕೊಂಡಿರಿ ಎಂದೆ. ಮೊದಲು ಎಮ್ಮೆಗಳ ಸಂತೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ, ತಮಗೇ ಗೊತ್ತಿಲ್ಲದಂತೆ, ಒಂದಾದರು.

“ಅಕ್ಕಾರ, ಕರೆಂಟಿನ ಟಿ.ಸಿ. ಗುಂಯ್ ಅಂದಂಗ ಆತ್ರಿ!” ಎಂದ ಅವರಲ್ಲೊಬ್ಬ, ಯಮನೂರ. ಊರ ಟ್ರಾನ್ಸ್‌ಫಾರ್ಮರಿಗೆ ಇಲ್ಲಿ ಟಿ.ಸಿ. ಎನ್ನುತ್ತಾರೆ. ಅಂದಿನಿಂದ ಆ ಹುಡುಗರ ಹೆಸರು ಟಿ.ಸಿ. ಪಾರ್ಟಿ. ಇಲಿ ಕಡಿದ ಪೆಟ್ಟಿಗೆಗಿಂತ ಅವರ ಶ್ರುತಿ ತುಂಬಿಕೊಂಡಿತ್ತು. ಕಿವಿ ಮಂದವಿದ್ದ ಒಬ್ಬ ಹುಡುಗಿ ಹಕ್ಕಿ ಓಡಿಸುವ ಎಣ್ಣೆಡಬ್ಬಿ ತಂದು, ನನ್ನ ಕೈ ನೋಡಿಕೊಂಡು ತಾಳ ಬಡಿದಳು. ಹಾಡನ್ನೂ ತರಗತಿಯೇ ಕಟ್ಟಿತು. ‘ನಮಗೊಂದು ತೆನೆ, ಗಿಳಿಗೊಂದು ಕಾಳು’ ಎಂದು ನಾನು ಸೂಚಿಸಿದ ಸಾಲಿಗೆ ಹುಲಿಗೆಮ್ಮ ಸಿಡುಕಿದಳು. “ಗಿಳಿಗೆ ಯಾಕ್ರಿ ಕೊಡ್ಬೇಕು? ನಿಮ್ಮ ಹೊಲ ಇಲ್ಲ, ಅದಕ್ಕ ಹಂಗಂತೀರಿ.” ಗಿಳಿಯ ಪಾಲು ರದ್ದಾಯಿತು. ಐವರು ಪ್ರಾರ್ಥನೆಯ ಹುಡುಗಿಯರಿಗೆ ಮೊದಮೊದಲು ಮುನಿಸು. ಅವರನ್ನು ಒಬ್ಬೊಬ್ಬರಾಗಿ ಗುಂಪುಗಳ ನಡುವೆ ನಿಲ್ಲಿಸಿದ ಮೇಲೆ ಅವರೂ ಗಂಟಲು ಬಿಚ್ಚಿದರು.

ಜನವರಿ ಇಪ್ಪತ್ತಾರು. ಧ್ವಜ ಹಾರಿತು. ಹೆಡ್‌ಮಾಸ್ತರು ಮೈಕಿನಲ್ಲಿ ಒಂಬತ್ತನೇ ತರಗತಿಯನ್ನು ಕರೆದರು. ಹುಲಿಗೆಮ್ಮ ಇಲ್ಲ.

ಸಾಲುಗಳನ್ನು ಮತ್ತೊಮ್ಮೆ ಎಣಿಸಿದೆ. ಗಣಿತದ ಮಾಸ್ತರು ಬೇರೆ ಎದುರಿಗೇ ಕುರ್ಚಿ ಹಾಕಿಕೊಂಡಿದ್ದರು.

“ಅಕಿ ಹೊಲದಾಗ ಅದಾಳ್ರಿ,” ಎಂದು ಯಮನೂರ ಪಿಸುಗುಟ್ಟಿದ. “ಅಂಜಬ್ಯಾಡ್ರಿ. ಅಕಿ ದನಿ ನಮ್ಮ ಕಿವ್ಯಾಗ ಐತಿ.”

ಟಿ.ಸಿ. ಪಾರ್ಟಿ ಗುಂಯ್‌ಗುಟ್ಟಿತು. ಹುಲಿಗೆಮ್ಮನ ಸ್ವರಕ್ಕಿಂತ ಕೊಂಚ ಕೆಳಗೇ ಇತ್ತೋ ಏನೋ. ಯಾರೂ ದೂರಲಿಲ್ಲ. ಹುಡುಗಿಯರು ಅಲ್ಲಿಂದಲೇ ಎತ್ತಿಕೊಂಡರು. ಡಬ್ಬಿ ಸರಿಯಾಗಿ ಬಿತ್ತು. ನಾನು ಹಾಡಲಿಲ್ಲ, ಅವರ ತುಟಿಗಳನ್ನು ನೋಡುತ್ತಿದ್ದೆ. ಮುಚ್ಚಿದ್ದು ಒಂದೂ ಇರಲಿಲ್ಲ.

ಮುಗಿದ ಮೇಲೆ ಹೆಡ್‌ಮಾಸ್ತರು ಹುಡುಗರ ಹಿಂದೆ ಹೋಗಿ ನೆಲ ನೋಡಿದರು. “ಟೇಪ್ ರೆಕಾರ್ಡರ್ ಎಲ್ಲಿ ಇಟ್ಟೀರ್ರಿ?” ಎಂದರು. ಇಲ್ಲವೆಂದು ಖಾತ್ರಿಯಾದ ಮೇಲೆ ಗಣಿತದ ಮಾಸ್ತರ ಕಡೆ ತಿರುಗಿ, “ಶನಿವಾರ ಬಿಟ್ಟುಬಿಡ್ರಿ. ಬ್ಯಾರೆ ದಿನ ನೋಡೋಣು,” ಎಂದರು.

ಮರುದಿನ ಹುಲಿಗೆಮ್ಮ ಮುಖ ಊದಿಸಿಕೊಂಡು ಬಂದಳು. “ನನ್ನ ಬಿಟ್ಟು ಹಾಡಿದ್ರಿ ಹೌದಿಲ್ರಿ? ಮೈಕು ಹೊಲದಾಗ ಕೇಳಸ್ತು. ನಾನೂ ಅಲ್ಲೇ ಅಟ್ಟಣಿಗಿ ಮ್ಯಾಲ ನಿಂತು ಹಾಡಿದೆ.” ಆಮೇಲೆ ತಡೆಯಲಾರದೆ ನಕ್ಕಳು. “ಒಂದೂ ಗಿಳಿ ಉಳೀಲಿಲ್ರಿ.”

ಬೇಸಿಗೆ ರಜೆಯಲ್ಲಿ ಮೈಸೂರಿಗೆ ಬಂದೆ. ನಾದಿನಿಯ ಮಗಳ ಮದುವೆಯಲ್ಲಿ ಆರತಿಗೆ ಎಂದಿನಂತೆ ನನ್ನನ್ನೇ ಹಾಡಲು ಕರೆದರು. ಎತ್ತಿಕೊಂಡೆ. ಎರಡನೇ ಸಾಲಿಗೆ ಯಾರೂ ಜೊತೆಗೂಡಲಿಲ್ಲ. ತಿರುಗಿ ನೋಡಿದರೆ ರೇಷ್ಮೆ ಸೀರೆಯ ಒಂದು ಸಾಲು, ತುಟಿ ಬಿಗಿದು ನಿಂತಿದೆ. ಮೂರನೇ ಸಾಲಿನಲ್ಲಿ ನನ್ನ ದನಿ ಒಡೆಯಿತು.

“ಅತ್ತಿಗೆ, ಸ್ವಲ್ಪ ಇಳಿಸಿ,” ಎಂದಳು ನಾದಿನಿ ಮೆಲ್ಲಗೆ. “ನಮಗೆ ಎಟುಕೋಲ್ಲ. ಅಲ್ಲಿ ಹೋಗಿ ಕೂಗೋದು ಕಲಿತುಬಿಟ್ಟಿದ್ದೀರ.”

ಇಳಿಸಿದೆ. ಎಲ್ಲರೂ ಹಾಡಿದರು. ಅದು ನನ್ನದೇ ಹಳೆಯ ಶ್ರುತಿ, ಆದರೂ ತವರಿನಲ್ಲಿ ಬಿಟ್ಟುಬಂದಿದ್ದ ಹಳೆಯ ರವಿಕೆ ತೊಟ್ಟಂತೆ ಎಲ್ಲೋ ಹಿಡಿಯುತ್ತಿತ್ತು.

ಜೂನ್ ತಿಂಗಳ ಮೊದಲ ಶನಿವಾರ, ಬೇವಿನ ಮರದ ಕೆಳಗೆ ನಾನು ದನಿ ಎತ್ತಿದ್ದೇ ತಡ, ಈಗ ಹತ್ತನೇ ತರಗತಿಯಾಗಿದ್ದ ಅವರು ಒಟ್ಟಿಗೆ ಕೂಗಿದರು, “ಅಕ್ಕಾರ, ಮೈಸೂರಿಗೆ ಹೋಗಿ ದನಿ ಇಳಿಸ್ಕೊಂಡು ಬಂದೀರಿ!” ಸುಮ್ಮನಿರಲಾಗದೆ ಮದುವೆಯ ಕಥೆಯನ್ನು ಹೇಳಿದೆ. ಬೇಕಾದ್ದಕ್ಕಿಂತ ಹೆಚ್ಚೇ ನಕ್ಕರು.

ಎಂಟನೇ ತರಗತಿಯ ಹೊಸ ಮಕ್ಕಳೂ ಅಂದು ಬಂದು ಕೂತಿದ್ದರು. ಅವರಲ್ಲೊಬ್ಬಳು ಸಣ್ಣವಳು ಲಂಗದ ಅಂಚು ಹಿಂಡುತ್ತ, ತನ್ನ ದನಿ ಇನ್ನೂ ಪಾಸಾಗಿಲ್ಲ, ಹಾಡಬಹುದೋ ಇಲ್ಲವೋ ಎಂದು ಕೇಳಿದಳು. ಹುಲಿಗೆಮ್ಮ ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ಹಾಡಲೇ, ಏನಾಗಲ್ಲ. ನಮ್ಮ ಅಕ್ಕಾರ ಎರಡೂ ಊರಾಗ ಫೇಲ್ ಆಗ್ಯಾರ.”